ಹನ್ನೆರಡಕ್ಕೇ ತೀರ್ಪು ಬೇಡ: ಹುಟ್ಟಿದ ತಿಂಗಳು, ಮೈ ಬೆಳವಣಿಗೆ ಮತ್ತು ಮಕ್ಕಳ ಆಟ

ಶಾಲಾ ಕ್ರೀಡಾಕೂಟಗಳ ದಿನಗಳು ಬಂದವೆಂದರೆ ಹೋಬಳಿ ಮಟ್ಟದಿಂದ ಜಿಲ್ಲಾ ಮಟ್ಟದವರೆಗೆ ಎಲ್ಲ ಮೈದಾನಗಳಲ್ಲೂ ಒಂದೇ ನೋಟ. 14 ವರ್ಷದೊಳಗಿನವರ ಓಟಕ್ಕೆ ಸಾಲಾಗಿ ನಿಂತ ಹುಡುಗರನ್ನು ಗಮನಿಸಿ. ಒಬ್ಬನಿಗೆ ಆಗಲೇ ಮೀಸೆ ಚಿಗುರಿದೆ, ದನಿ ಒಡೆದಿದೆ, ತೊಡೆಯ ಸ್ನಾಯುಗಳು ಗಟ್ಟಿಯಾಗಿವೆ. ಅವನ ಪಕ್ಕದಲ್ಲಿ ನಿಂತವನು ಅವನ ಭುಜಕ್ಕೂ ಬರುವುದಿಲ್ಲ. ಇಬ್ಬರ ಜನನ ಪ್ರಮಾಣಪತ್ರವೂ ಸರಿಯಾಗಿಯೇ ಇದೆ. ಆದರೂ ಶಿಳ್ಳೆ ಊದುವ ಮೊದಲೇ ಗೆಲ್ಲುವವನು ಯಾರೆಂದು ನೋಡುವವರಿಗೆಲ್ಲ ಗೊತ್ತು.

ಹೀಗೆ ಗೆದ್ದವನು ಮುಂದಿನ ಹಂತಕ್ಕೆ ಹೋಗುತ್ತಾನೆ. ಸೋತವನು ಮನೆಗೆ ಬಂದು "ನನಗೆ ಆಟ ಬರುವುದಿಲ್ಲ" ಎನ್ನುತ್ತಾನೆ. ಎರಡು ಮೂರು ಸಲ ಹೀಗಾದರೆ ಆಟವನ್ನೇ ಬಿಟ್ಟುಬಿಡುತ್ತಾನೆ. ಮನೆಯವರೂ "ಹೋಗಲಿ, ಓದಿನ ಕಡೆ ಗಮನ ಕೊಡು" ಎಂದು ಸುಮ್ಮನಾಗುತ್ತಾರೆ. ಆ ದಿನ ಮೈದಾನದಲ್ಲಿ ಅಳೆದದ್ದು ಪ್ರತಿಭೆಯನ್ನೋ, ವಯಸ್ಸನ್ನೋ ಎಂದು ಯಾರೂ ಕೇಳುವುದಿಲ್ಲ.

"ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಎಳೆಯ ಕ್ರೀಡಾಪಟುಗಳ ವಿಷಯದಲ್ಲಿ ಈ ಗಾದೆಯನ್ನು ಎಚ್ಚರಿಕೆಯಿಂದ ಬಳಸಬೇಕು. ಹನ್ನೊಂದು, ಹನ್ನೆರಡರ ವಯಸ್ಸಿನಲ್ಲಿ ಕಾಣುವ ಸಿರಿ ಎಷ್ಟೋ ಸಲ ಬೇಗ ಹುಟ್ಟಿದ್ದರ ಅಥವಾ ಬೇಗ ಬೆಳೆದದ್ದರ ಫಲ ಮಾತ್ರ. ಈ ಎರಡು ಕಾರಣಗಳನ್ನು ಒಂದೊಂದಾಗಿ ನೋಡೋಣ.

ಜನವರಿ ಹುಡುಗ, ಡಿಸೆಂಬರ್ ಹುಡುಗ

ಮಕ್ಕಳ ಕ್ರೀಡೆಯಲ್ಲಿ ವಯೋಮಿತಿಯ ಗುಂಪುಗಳು ಇರಲೇಬೇಕು. ಗುಂಪು ಮಾಡಬೇಕೆಂದರೆ ಒಂದು ಗಡಿ ದಿನವೂ ಬೇಕು. ಗಡಿ ದಿನ ಜನವರಿ 1 ಎಂದುಕೊಳ್ಳಿ. ಆಗ ಜನವರಿ 5ರಂದು ಹುಟ್ಟಿದ ಹುಡುಗನೂ ಅದೇ ವರ್ಷದ ಡಿಸೆಂಬರ್ 20ರಂದು ಹುಟ್ಟಿದ ಹುಡುಗನೂ ಒಂದೇ ಗುಂಪಿಗೆ ಸೇರುತ್ತಾರೆ. ಇಬ್ಬರ ನಡುವೆ ಹನ್ನೊಂದೂವರೆ ತಿಂಗಳ ಅಂತರ.

ಮೂವತ್ತರ ವಯಸ್ಸಿನಲ್ಲಿ ಈ ಅಂತರ ಲೆಕ್ಕಕ್ಕಿಲ್ಲ. ಆದರೆ ಹತ್ತು ವರ್ಷದ ಮಗುವಿಗೆ ಒಂದು ವರ್ಷವೆಂದರೆ ಬದುಕಿನ ಹತ್ತನೇ ಒಂದು ಭಾಗ. ಆ ವಯಸ್ಸಿನಲ್ಲಿ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಎತ್ತರ ಬೆಳೆಯುತ್ತದೆ, 2ರಿಂದ 3 ಕೆ.ಜಿ. ತೂಕ ಹೆಚ್ಚುತ್ತದೆ. ಕಣ್ಣು ಮತ್ತು ಕೈಗಳ ಹೊಂದಾಣಿಕೆ, ಹೇಳಿದ್ದನ್ನು ಗ್ರಹಿಸುವ ಶಕ್ತಿ, ಗುಂಪಿನಲ್ಲಿ ಹೆದರದೆ ನಿಲ್ಲುವ ಧೈರ್ಯ ಇವೆಲ್ಲವೂ ಒಂದು ವರ್ಷದಲ್ಲಿ ಸಾಕಷ್ಟು ಬದಲಾಗುತ್ತವೆ. ಹೀಗಾಗಿ ಜನವರಿ ಹುಡುಗ ಚುರುಕಾಗಿ ಕಾಣುತ್ತಾನೆ, ಡಿಸೆಂಬರ್ ಹುಡುಗ ಮಂದನಂತೆ ಕಾಣುತ್ತಾನೆ.

ಇಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಚುರುಕಾಗಿ ಕಂಡವನಿಗೆ ತಂಡದಲ್ಲಿ ಜಾಗ ಸಿಗುತ್ತದೆ. ಒಳ್ಳೆಯ ತರಬೇತುದಾರರು, ಹೆಚ್ಚು ಅಭ್ಯಾಸ, ಹೆಚ್ಚು ಪಂದ್ಯಗಳು ಸಿಗುತ್ತವೆ. ಮನೆಯಲ್ಲಿ ಬೂಟು, ಬ್ಯಾಟು ಕೊಡಿಸುತ್ತಾರೆ. ಎರಡು ವರ್ಷ ಕಳೆಯುವಷ್ಟರಲ್ಲಿ ಅವನು ನಿಜವಾಗಿಯೂ ಉತ್ತಮ ಆಟಗಾರನಾಗಿರುತ್ತಾನೆ. ಮೊದಲು ಕೇವಲ ತಿಂಗಳುಗಳ ಅಂತರವಾಗಿದ್ದದ್ದು ಈಗ ತರಬೇತಿಯ ಅಂತರವಾಗಿ ಬೆಳೆದಿರುತ್ತದೆ.

ಕೆನಡಾದಲ್ಲಿ ಕಂಡ ಲೆಕ್ಕ

ಈ ಸಂಗತಿ ಮೊದಲು ಸ್ಪಷ್ಟವಾಗಿ ಕಾಣಿಸಿಕೊಂಡದ್ದು ಕೆನಡಾದ ಐಸ್ ಹಾಕಿಯಲ್ಲಿ. ಅಲ್ಲಿ ಮಕ್ಕಳ ಗುಂಪುಗಳಿಗೆ ಜನವರಿ 1 ಗಡಿ ದಿನ. 1980ರ ದಶಕದ ಆರಂಭದಲ್ಲಿ ಮನೋವಿಜ್ಞಾನಿ ರೋಜರ್ ಬಾರ್ನ್ಸ್‌ಲಿ ಮತ್ತು ಅವರ ಪತ್ನಿ ಪೌಲಾ ಒಂದು ಪಂದ್ಯ ನೋಡಲು ಹೋಗಿದ್ದರು. ಪಂದ್ಯದ ಕಿರುಹೊತ್ತಗೆಯಲ್ಲಿ ಆಟಗಾರರ ಜನ್ಮದಿನಗಳು ಅಚ್ಚಾಗಿದ್ದವು. ಅದನ್ನು ತಿರುವಿ ಹಾಕುತ್ತಿದ್ದ ಪೌಲಾ ಅವರಿಗೆ ಹೆಚ್ಚಿನವರು ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೆಂಬುದು ಹೊಳೆಯಿತು. ದಂಪತಿಗಳು ಇನ್ನೊಬ್ಬ ಸಂಶೋಧಕರೊಡನೆ ಸೇರಿ ಬೇರೆ ಬೇರೆ ತಂಡಗಳ ಪಟ್ಟಿಗಳನ್ನು ಪರಿಶೀಲಿಸಿ 1985ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಲ್ಲಿನ ಉನ್ನತ ಮಟ್ಟದ ಆಟಗಾರರ ಗುಂಪುಗಳನ್ನು ನೋಡಿದರೆ ಸುಮಾರು ಶೇ 40 ಮಂದಿ ಜನವರಿಯಿಂದ ಮಾರ್ಚ್ ಒಳಗೆ ಹುಟ್ಟಿದವರು. ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಹುಟ್ಟಿದವರು ಶೇ 10ರ ಆಸುಪಾಸು ಮಾತ್ರ.

"ಇದು ಗ್ರಹಗತಿಯ ಮಹಿಮೆ ಇರಬಹುದೇ?" ಎಂದು ನೀವು ಕೇಳಬಹುದು. ಇದಕ್ಕೆ ಬೆಲ್ಜಿಯಂನ ಫುಟ್‌ಬಾಲ್ ಉತ್ತರ ಕೊಟ್ಟಿದೆ. ಅಲ್ಲಿ ಮೊದಲು ಆಗಸ್ಟ್ 1 ಗಡಿ ದಿನವಾಗಿತ್ತು. ಆಗ ಕಿರಿಯರ ತಂಡಗಳಲ್ಲಿ ಆಗಸ್ಟ್ ಮತ್ತು ಅದರ ನಂತರದ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿದ್ದರು. 1997ರಲ್ಲಿ ಗಡಿ ದಿನವನ್ನು ಜನವರಿ 1ಕ್ಕೆ ಬದಲಾಯಿಸಲಾಯಿತು. ಸ್ವಲ್ಪ ಕಾಲದಲ್ಲೇ ತಂಡಗಳಲ್ಲಿ ಜನವರಿ, ಫೆಬ್ರುವರಿ, ಮಾರ್ಚ್ ತಿಂಗಳವರು ಹೆಚ್ಚಾದರು. ನಕ್ಷತ್ರಗಳು ಬದಲಾಗಿರಲಿಲ್ಲ, ಹವಾಮಾನವೂ ಬದಲಾಗಿರಲಿಲ್ಲ. ಬದಲಾದದ್ದು ನಿಯಮದ ಪುಸ್ತಕದ ಒಂದು ಸಾಲು ಮಾತ್ರ.

ನಮ್ಮ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಇಂದು ಭಾರತದ ಕಿರಿಯರ ಕ್ರಿಕೆಟ್‌ನಲ್ಲಿ ಸೆಪ್ಟೆಂಬರ್ 1 ಗಡಿ ದಿನ. ಜಾವಗಲ್ ಶ್ರೀನಾಥ್ ಹುಟ್ಟಿದ್ದು 1969ರ ಆಗಸ್ಟ್ 31ರಂದು. ಇಂದಿನ ನಿಯಮವನ್ನು ಹಚ್ಚಿ ನೋಡಿದರೆ ಅವರು ತಮ್ಮ ಗುಂಪಿನ ಅತ್ಯಂತ ಕಿರಿಯ ಹುಡುಗ. ಒಂದೇ ದಿನ ತಡವಾಗಿ ಹುಟ್ಟಿದ್ದರೆ ಮುಂದಿನ ಗುಂಪಿನ ಅತ್ಯಂತ ಹಿರಿಯ ಹುಡುಗ! ಅವರು ಮುಂದೆ ಟೆಸ್ಟ್ ಪಂದ್ಯಗಳಲ್ಲಿ 236 ವಿಕೆಟ್ ಪಡೆದರು. ಗಡಿ ದಿನದ ಆಚೆ ಈಚೆ ಹುಟ್ಟುವುದರಿಂದ ಬೌಲಿಂಗ್ ಪ್ರತಿಭೆ ಬರುವುದೂ ಇಲ್ಲ, ಹೋಗುವುದೂ ಇಲ್ಲ.

ದೇಹದ ಗಡಿಯಾರವೇ ಬೇರೆ

ಇನ್ನು ಎರಡನೆಯ ಕಾರಣ. ಗೋಡೆಯ ಮೇಲಿನ ಕ್ಯಾಲೆಂಡರ್ ಎಲ್ಲ ಮಕ್ಕಳಿಗೂ ಒಂದೇ. ಆದರೆ ದೇಹದೊಳಗಿನ ಗಡಿಯಾರ ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ ಓಡುತ್ತದೆ.

ಹದಿಹರೆಯ ಹತ್ತಿರವಾದಾಗ ಮೆದುಳು ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಆ ಗ್ರಂಥಿಯ ಹಾರ್ಮೋನುಗಳು ಹುಡುಗರಲ್ಲಿ ವೃಷಣಗಳನ್ನೂ ಹುಡುಗಿಯರಲ್ಲಿ ಅಂಡಾಶಯಗಳನ್ನೂ ಎಚ್ಚರಿಸುತ್ತವೆ. ಮಗು ಇದ್ದಕ್ಕಿದ್ದಂತೆ ಬೆಳೆಯತೊಡಗುತ್ತದೆ. ಹುಡುಗಿಯರಲ್ಲಿ ಈ ಬೆಳವಣಿಗೆ ಸಾಮಾನ್ಯವಾಗಿ 12ರ ಸುಮಾರಿಗೆ, ಹುಡುಗರಲ್ಲಿ 14ರ ಸುಮಾರಿಗೆ ಅತಿ ವೇಗವಾಗಿರುತ್ತದೆ. ಆ ಒಂದು ವರ್ಷದಲ್ಲಿ ಹುಡುಗಿ ಸುಮಾರು 8 ಸೆಂ.ಮೀ., ಹುಡುಗ ಸುಮಾರು 9ರಿಂದ 10 ಸೆಂ.ಮೀ. ಬೆಳೆಯಬಹುದು. ಹುಡುಗರಲ್ಲಿ ಟೆಸ್ಟೋಸ್ಟೆರೋನ್ ಹಾರ್ಮೋನಿನಿಂದ ಸ್ನಾಯುಗಳು ಬಲಿಯುತ್ತವೆ. ಎತ್ತರ ಮೊದಲು, ತೂಕ ಮತ್ತು ಸ್ನಾಯುಬಲ ಕೆಲವು ತಿಂಗಳ ನಂತರ.

ಇಲ್ಲಿ ಹೇಳಿದ್ದು ಸರಾಸರಿ ಮಾತ್ರ. ಪೂರ್ತಿ ಆರೋಗ್ಯವಂತ ಮಕ್ಕಳಲ್ಲೂ ಇದು ಎರಡು ವರ್ಷ ಮುಂಚೆ ಬರಬಹುದು, ಎರಡು ವರ್ಷ ತಡವಾಗಿಯೂ ಬರಬಹುದು. ಆದ್ದರಿಂದ ಒಂದೇ ತರಗತಿಯ, ಒಂದೇ ದಿನ ಹುಟ್ಟಿದ 13 ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬನ ದೇಹ 15ರ ಹುಡುಗನದ್ದಾಗಿದ್ದು, ಇನ್ನೊಬ್ಬನದು 11ರ ಬಾಲಕನದ್ದಾಗಿರಬಹುದು. ತಂದೆ ಅಥವಾ ತಾಯಿ ತಡವಾಗಿ ಬೆಳೆದವರಾಗಿದ್ದರೆ ಮಗುವೂ ತಡವಾಗಿ ಬೆಳೆಯುವುದು ಸಾಮಾನ್ಯ. "ನಿಮ್ಮಪ್ಪ ಪಿಯುಸಿಗೆ ಬಂದ ಮೇಲೇ ಉದ್ದವಾದದ್ದು" ಎಂದು ಅಜ್ಜಿ ಹೇಳುವ ಮಾತಿನಲ್ಲಿ ವೈದ್ಯಕೀಯ ಸತ್ಯವಿದೆ.

ಹುಟ್ಟಿದ ತಿಂಗಳೂ ಮೈ ಬೆಳವಣಿಗೆಯೂ ಬೇರೆ ಬೇರೆ ಎಂಬುದನ್ನು ನೆನಪಿಡಿ. ಡಿಸೆಂಬರ್ ಹುಡುಗನೂ ಬೇಗ ಬೆಳೆಯಬಹುದು, ಜನವರಿ ಹುಡುಗನೂ ತಡವಾಗಿ ಬೆಳೆಯಬಹುದು. ಆದರೆ ಡಿಸೆಂಬರ್‌ನಲ್ಲಿ ಹುಟ್ಟಿ, ತಡವಾಗಿಯೂ ಬೆಳೆಯುವ ಮಗುವಿಗೆ ಎರಡು ಕಡೆಯಿಂದಲೂ ಪೆಟ್ಟು. ಆಯ್ಕೆಗಾರರ ಕಣ್ಣಿಗೆ ಅದು ಬೀಳುವುದೇ ಕಷ್ಟ.

ಹೆಣ್ಣುಮಕ್ಕಳ ವಿಷಯ

ಹುಡುಗಿಯರಲ್ಲಿ ಚಿತ್ರ ಸ್ವಲ್ಪ ಬೇರೆ. ಬೇಗ ಬೆಳೆದ ಹುಡುಗಿಗೆ ಗುಂಡು ಎಸೆತ, ವಾಲಿಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಅನುಕೂಲ. ಆದರೆ ಜಿಮ್ನಾಸ್ಟಿಕ್ಸ್, ದೂರದ ಓಟ ಮುಂತಾದವುಗಳಲ್ಲಿ ತಡವಾಗಿ ಬೆಳೆಯುವ, ಸಣ್ಣ ಮೈಕಟ್ಟಿನ ಹುಡುಗಿಯರಿಗೇ ಅನುಕೂಲ ಹೆಚ್ಚು.

ಮೊದಲ ಮುಟ್ಟು ಸಾಮಾನ್ಯವಾಗಿ ಎತ್ತರದ ಬೆಳವಣಿಗೆ ಅತಿ ವೇಗವಾಗಿದ್ದ ಕಾಲದಿಂದ ಸುಮಾರು ಒಂದು ವರ್ಷದ ನಂತರ ಬರುತ್ತದೆ. ಈ ಹೊತ್ತಿಗೆ ಸೊಂಟ ಅಗಲವಾಗುತ್ತದೆ, ಮೈಯಲ್ಲಿ ಕೊಬ್ಬಿನ ಅಂಶ ಹೆಚ್ಚುತ್ತದೆ. ಓಟದ ವೇಗ ಕೆಲ ಕಾಲ ನಿಂತಲ್ಲೇ ನಿಲ್ಲಬಹುದು, ತುಸು ಕಡಿಮೆಯೂ ಆಗಬಹುದು. ಇದು ಸೋಮಾರಿತನವಲ್ಲ, ದೇಹ ಹೊಸ ರೂಪಕ್ಕೆ ಹೊಂದಿಕೊಳ್ಳುವ ಕಾಲ. ದುರದೃಷ್ಟವೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಹುಡುಗಿಯನ್ನು ಆಟ ಬಿಡಿಸುವುದೂ ಇದೇ ವಯಸ್ಸಿನಲ್ಲೇ. ಮುಟ್ಟು ಆಟಕ್ಕೆ ಅಡ್ಡಿಯಲ್ಲ. ಒಂದೆರಡು ವರ್ಷ ತಾಳ್ಮೆಯಿಂದ ಅಭ್ಯಾಸ ಮುಂದುವರಿಸಿದರೆ ಶಕ್ತಿ, ವೇಗ ಎರಡೂ ಮತ್ತೆ ಏರತೊಡಗುತ್ತವೆ. ತೂಕ ಇಳಿಸಬೇಕೆಂದು ಊಟ ಬಿಡಿಸುವುದು ಮಾತ್ರ ಅಪಾಯ. ಊಟ ಕಡಿಮೆಯಾಗಿ ಅಭ್ಯಾಸ ಹೆಚ್ಚಾದರೆ ಮುಟ್ಟು ನಿಲ್ಲಬಹುದು, ಮೂಳೆಗಳು ದುರ್ಬಲವಾಗಬಹುದು.

ಬೆಳೆಯುವ ಮೂಳೆಗೆ ವಿಶ್ರಾಂತಿ ಬೇಕು

ಬೆಳೆಯುವ ಮಗುವಿನ ಉದ್ದನೆಯ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಒಂದು ಪದರ ಇರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ವೇಗವಾಗಿ ಬೆಳೆಯುವ ಕಾಲದಲ್ಲಿ ಈ ಭಾಗ ನಾಜೂಕಾಗಿರುತ್ತದೆ. ಮೂಳೆ ಉದ್ದವಾದಷ್ಟು ಬೇಗ ಸ್ನಾಯುಗಳು ಉದ್ದವಾಗುವುದಿಲ್ಲ. ಆದ್ದರಿಂದ ಸ್ನಾಯು ಮೂಳೆಗೆ ಅಂಟಿಕೊಂಡ ಜಾಗದಲ್ಲಿ ಎಳೆತ ಹೆಚ್ಚು. ಓಡುವ, ಜಿಗಿಯುವ ಮಕ್ಕಳಿಗೆ ಮೊಣಕಾಲಿನ ಚಿಪ್ಪಿನ ಕೆಳಗೆ ಗಂಟಿನಂತೆ ಊದಿ ನೋಯುವುದು, ಹಿಮ್ಮಡಿ ನೋಯುವುದು ಈ ಕಾರಣದಿಂದಲೇ. ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುವ ತೊಂದರೆಗಳಿವು. "ಗಂಡು ಹುಡುಗ, ನೋವು ತಡೆದುಕೋ" ಎಂದು ಓಡಿಸಿದರೆ ಉಲ್ಬಣಿಸುತ್ತವೆ.

ಬೇಗ ಬೆಳೆದ ಹುಡುಗನಿಗೂ ಇಲ್ಲಿ ಅಪಾಯವಿದೆ. ಅವನು ಎತ್ತರವಾಗಿ ಬಲವಾಗಿ ಕಾಣುತ್ತಾನೆಂದು ಶಾಲೆಯ ತಂಡ, ಕ್ಲಬ್‌ನ ತಂಡ, ದೊಡ್ಡವರ ತಂಡ ಎಲ್ಲದರಲ್ಲೂ ಅವನಿಂದಲೇ ಬೌಲಿಂಗ್ ಮಾಡಿಸುತ್ತಾರೆ. ಎಳೆಯ ವೇಗದ ಬೌಲರ್‌ಗಳ ಬೆನ್ನುಮೂಳೆಯ ಕೆಳಭಾಗದಲ್ಲಿ ಒತ್ತಡದಿಂದ ಸಣ್ಣ ಬಿರುಕು ಬೀಳುವುದು ವೈದ್ಯರಿಗೆ ಚಿರಪರಿಚಿತ. ಇದೇ ಕಾರಣಕ್ಕೆ ಇಂಗ್ಲೆಂಡಿನಂಥ ದೇಶಗಳಲ್ಲಿ ವಯಸ್ಸಿಗೆ ತಕ್ಕಂತೆ ದಿನಕ್ಕೆ ಇಷ್ಟೇ ಓವರ್ ಎಂಬ ಮಿತಿ ಹಾಕಿದ್ದಾರೆ.

ಮೂಳೆಯ ಪರೀಕ್ಷೆ ಏನು ಹೇಳುತ್ತದೆ?

ಎಡಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆದು, ಮೂಳೆಗಳ ಬೆಳವಣಿಗೆಯನ್ನು ಮಾದರಿ ಚಿತ್ರಗಳೊಡನೆ ಹೋಲಿಸಿ "ಮೂಳೆಯ ವಯಸ್ಸು" ಹೇಳುವ ಪದ್ಧತಿ ಹಳೆಯದು. ಭಾರತೀಯ ಕ್ರಿಕೆಟ್ ಮಂಡಳಿ 16 ವರ್ಷದೊಳಗಿನ ಬಾಲಕರ ವಿಭಾಗಕ್ಕೆ ಇಂಥ ಪರೀಕ್ಷೆಯನ್ನು ಬಳಸುತ್ತ ಬಂದಿದೆ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ 2009ರಲ್ಲಿ ನೈಜೀರಿಯಾದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಮಣಿಕಟ್ಟಿನ ಎಂ.ಆರ್.ಐ. ಪರೀಕ್ಷೆಯನ್ನು ಜಾರಿಗೆ ತಂದಿತು.

ಆದರೆ ಒಂದು ಮಾತು ತಿಳಿದಿರಲಿ. ಈ ಪರೀಕ್ಷೆ ತೋರಿಸುವುದು ದೇಹ ಎಷ್ಟು ಬಲಿತಿದೆ ಎಂಬುದನ್ನು, ಹುಟ್ಟಿದ ದಿನಾಂಕವನ್ನಲ್ಲ. ಪ್ರಾಮಾಣಿಕವಾಗಿ 15 ವರ್ಷದವನಾಗಿದ್ದರೂ ಬೇಗ ಬೆಳೆದ ಹುಡುಗನ ಮೂಳೆಯ ವಯಸ್ಸು 16 ದಾಟಿರಬಹುದು. ಅಂಥವನನ್ನು ಕಂಡು "ವಯಸ್ಸು ಮುಚ್ಚಿಟ್ಟಿದ್ದಾನೆ" ಎಂದು ಅವಮಾನಿಸುವುದು ಸರಿಯಲ್ಲ.

ಹಾಗೆಂದು ವಯಸ್ಸು ತಿದ್ದುವ ಚಾಳಿ ಇಲ್ಲವೆಂದಲ್ಲ. 2015ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕ ಉಪನ್ಯಾಸ ನೀಡಿದ ನಮ್ಮ ರಾಹುಲ್ ದ್ರಾವಿಡ್ ಈ ಪಿಡುಗನ್ನು ಕಟುವಾಗಿ ಖಂಡಿಸಿದ್ದರು. ಹೆಚ್ಚು ವಯಸ್ಸಿನವನು ಪ್ರಾಮಾಣಿಕ ಹುಡುಗನ ಜಾಗ ಕಿತ್ತುಕೊಳ್ಳುತ್ತಾನೆ, ತಂದೆತಾಯಿ ಮತ್ತು ತರಬೇತುದಾರರಿಂದಲೇ ಮಗು ಮೋಸದ ಪಾಠ ಕಲಿಯುತ್ತದೆ ಎಂಬುದು ಅವರ ಮಾತಿನ ಸಾರ. ಆರೋಗ್ಯದ ದೃಷ್ಟಿಯಿಂದಲೂ ಇದು ಹಾನಿಕರ. ನಿಜವಾಗಿ 14 ವರ್ಷದ ಹುಡುಗ 17ರವನ ವೇಗದ ಚೆಂಡನ್ನು ಎದುರಿಸಬೇಕಾಗುತ್ತದೆ.

ಹಿಂದೆ ಉಳಿದವರು ಮುಂದೆ ಬರುತ್ತಾರೆಯೇ?

ಖಂಡಿತ ಬರಬಹುದು, ಆಟದಲ್ಲಿ ಉಳಿದುಕೊಂಡರೆ. ತಡವಾಗಿ ಬೆಳೆದವರ ಅಂತಿಮ ಎತ್ತರ ಸರಾಸರಿಯಲ್ಲಿ ಬೇಗ ಬೆಳೆದವರಷ್ಟೇ ಇರುತ್ತದೆ. ಜೊತೆಗೆ ಸಣ್ಣವನಾಗಿದ್ದಾಗ ಬಲವಿಲ್ಲದ ಹುಡುಗ ಚಾಕಚಕ್ಯತೆಯನ್ನೂ ತಂತ್ರವನ್ನೂ ನೆಚ್ಚಿಕೊಳ್ಳಬೇಕಾಗುತ್ತದೆ. ಮುಂದೆ ಮೈ ಬೆಳೆದಾಗ ಅವನ ಬಳಿ ಎರಡೂ ಇರುತ್ತವೆ. ಬರೀ ಮೈಬಲದಿಂದ ಗೆಲ್ಲುತ್ತಿದ್ದವನಿಗೆ 17, 18ರಲ್ಲಿ ಉಳಿದವರು ಸಮಕ್ಕೆ ಬಂದಾಗ ಕಕ್ಕಾಬಿಕ್ಕಿಯಾಗುತ್ತದೆ. ಅವನು ಗೆಲುವನ್ನು ಕಲಿತಿದ್ದ, ಆಟವನ್ನು ಕಲಿತಿರಲಿಲ್ಲ.

ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಹ್ಯಾರಿ ಕೇನ್ 1993ರ ಜುಲೈ 28ರಂದು ಹುಟ್ಟಿದವರು. ಅಲ್ಲಿ ಸೆಪ್ಟೆಂಬರ್ 1 ಗಡಿ ದಿನವಾದ್ದರಿಂದ ಅವರು ತಮ್ಮ ಗುಂಪಿನ ಕಿರಿಯರಲ್ಲಿ ಒಬ್ಬರು. ಚಿಕ್ಕಂದಿನಲ್ಲಿ ಆರ್ಸೆನಲ್ ಕ್ಲಬ್ ಒಂದು ವರ್ಷ ಇಟ್ಟುಕೊಂಡು ಕಳುಹಿಸಿಬಿಟ್ಟಿತ್ತು. 2023ರಲ್ಲಿ ಅವರು ಇಂಗ್ಲೆಂಡ್ ಪರ ಅತಿ ಹೆಚ್ಚು ಗೋಲು ಹೊಡೆದ ದಾಖಲೆ ಬರೆದರು.

ಕೆಲವು ದೇಶಗಳು ಈಗ ಪರಿಹಾರಗಳನ್ನು ಪ್ರಯೋಗಿಸುತ್ತಿವೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2015ರಿಂದ ಕೆಲವು ಪಂದ್ಯಾವಳಿಗಳಲ್ಲಿ ಮಕ್ಕಳನ್ನು ವಯಸ್ಸಿನ ಬದಲು ಮೈ ಬೆಳವಣಿಗೆಯ ಆಧಾರದ ಮೇಲೆ ಗುಂಪು ಮಾಡಿ ಆಡಿಸಿತು. ಮಗು ತನ್ನ ನಿರೀಕ್ಷಿತ ಪೂರ್ಣ ಎತ್ತರದ ಶೇಕಡಾ ಎಷ್ಟನ್ನು ಮುಟ್ಟಿದೆ ಎಂಬುದೇ ಅಳತೆ. ದೊಡ್ಡ ಮೈಯವರು ತಮ್ಮಷ್ಟೇ ದೊಡ್ಡವರೊಡನೆ ಆಡಿ ತಂತ್ರ ಕಲಿಯಬೇಕಾಯಿತು, ಸಣ್ಣವರಿಗೆ ಮುಂದಾಳಾಗುವ ಅವಕಾಶ ಸಿಕ್ಕಿತು. ನಮ್ಮ ಕಬಡ್ಡಿಯಲ್ಲಿ ತೂಕದ ಮಿತಿ ಇಟ್ಟು ಆಡಿಸುವ ಪದ್ಧತಿಯ ಹಿಂದೆ ಇರುವುದೂ ಇಂಥದೇ ತಿಳಿವಳಿಕೆ.

ತಂದೆತಾಯಿಯರು ಏನು ಮಾಡಬಹುದು?

1. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಬರಿಗಾಲಿನಲ್ಲಿ ಎತ್ತರ ಅಳೆದು ದಿನಾಂಕದೊಡನೆ ಬರೆದಿಡಿ. ಮೂರು ತಿಂಗಳಲ್ಲಿ 2 ಸೆಂ.ಮೀ. ಅಥವಾ ಹೆಚ್ಚು ಬೆಳೆದಿದ್ದರೆ ವೇಗದ ಬೆಳವಣಿಗೆಯ ಕಾಲ ಬಂದಿದೆ ಎಂದರ್ಥ. ಆಗ ಜಿಗಿತ, ಬಿರುಸಿನ ಓಟ, ಬೌಲಿಂಗ್ ಕಡಿಮೆ ಮಾಡಿಸಿ.

2. ಮಗುವಿನ ಅಂತಿಮ ಎತ್ತರದ ಸ್ಥೂಲ ಅಂದಾಜು ಮಾಡಬಹುದು. ತಂದೆ ಮತ್ತು ತಾಯಿಯ ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಕೂಡಿಸಿ. ಗಂಡುಮಗುವಾದರೆ 13 ಸೇರಿಸಿ, ಹೆಣ್ಣುಮಗುವಾದರೆ 13 ಕಳೆದು, ಬಂದದ್ದನ್ನು ಎರಡರಿಂದ ಭಾಗಿಸಿ. ತಂದೆ 168, ತಾಯಿ 155 ಇದ್ದರೆ ಮಗನಿಗೆ 168, ಮಗಳಿಗೆ 155. ಇದರಲ್ಲಿ ಏಳೆಂಟು ಸೆಂ.ಮೀ. ಹೆಚ್ಚು ಕಡಿಮೆ ಆಗುವುದುಂಟು.

3. ಹದಿಹರೆಯಕ್ಕೆ ಮುಂಚೆ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ. ಖೋ ಖೋ, ಈಜು, ಓಟ, ಚೆಂಡಾಟ ಎಲ್ಲವನ್ನೂ ಆಡಲಿ. ವಾರಕ್ಕೆ ಒಂದೆರಡು ದಿನ ಬಿಡುವು ಇರಲಿ.

4. ಊಟ ಸರಿಯಿರಲಿ. ರಾಗಿ ಮುದ್ದೆ, ಬೇಳೆ, ಸೊಪ್ಪು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು ಸಾಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು.

5. ಬೇಗ ಎತ್ತರ ಮಾಡುವುದಾಗಿ ಹೇಳುವ ಪುಡಿ, ಮಾತ್ರೆ, ಚುಚ್ಚುಮದ್ದುಗಳನ್ನು ನಂಬಬೇಡಿ. ಮೈಕಟ್ಟು ಬೆಳೆಸಲು ಕೆಲವರು ಕೊಡುವ ಸ್ಟೀರಾಯ್ಡ್‌ಗಳು ಮೂಳೆಯ ತುದಿಗಳನ್ನು ಬೇಗ ಮುಚ್ಚಿಸಿ ಇರುವ ಎತ್ತರವನ್ನೇ ಕುಂಠಿತಗೊಳಿಸುತ್ತವೆ.

6. ಆಯ್ಕೆಯಾಗದೆ ಬಂದ ಮಗುವಿಗೆ ನಿಜವನ್ನು ತಿಳಿಸಿ ಹೇಳಿ. "ನಿನ್ನ ಮೈ ಇನ್ನೂ ಬೆಳೆಯಬೇಕು, ಅಲ್ಲಿಯವರೆಗೆ ಆಟ ಕಲಿ" ಎಂಬ ಮಾತು ಸುಳ್ಳು ಸಮಾಧಾನವಲ್ಲ. ಬೇಗ ಬೆಳೆದ ಮಗುವಿಗೂ "ಈಗಿನ ಗೆಲುವು ಎತ್ತರದ್ದು, ಮುಂದಿನ ಗೆಲುವು ಕಲಿಕೆಯದ್ದು" ಎಂದು ಹೇಳಿ.

ದೈಹಿಕ ಶಿಕ್ಷಣದ ಮೇಷ್ಟ್ರುಗಳಲ್ಲೂ ಒಂದು ವಿನಂತಿ. ತಂಡ ಆರಿಸುವಾಗ ಹೆಸರಿನ ಮುಂದೆ ಹುಟ್ಟಿದ ತಿಂಗಳನ್ನೂ ಬರೆದುಕೊಳ್ಳಿ. ಒಬ್ಬ ಹುಡುಗ ಒಂದು ಸೆಕೆಂಡು ಹಿಂದೆ ಬಿದ್ದಿದ್ದರೆ, ಅವನು ಹತ್ತು ತಿಂಗಳು ಚಿಕ್ಕವನೇ ಎಂದು ನೋಡಿ. ಮುಖ್ಯ ತಂಡಕ್ಕೆ ಬಾರದವರಿಗೂ ಅಭ್ಯಾಸಕ್ಕೆ ಬರಲು ಬಿಡಿ.

ವೈದ್ಯರಲ್ಲಿಗೆ ಯಾವಾಗ?

ತಡವಾದ ಬೆಳವಣಿಗೆ ಹೆಚ್ಚಾಗಿ ಸಹಜವೇ ಆದರೂ ಕೆಲವು ಸಂದರ್ಭಗಳಲ್ಲಿ ಮಕ್ಕಳ ವೈದ್ಯರಿಗೆ ತೋರಿಸಬೇಕು. ಹುಡುಗಿಗೆ 13 ತುಂಬಿದರೂ ಸ್ತನಗಳ ಬೆಳವಣಿಗೆ ಆರಂಭವಾಗದಿದ್ದರೆ, 15 ತುಂಬಿದರೂ ಮುಟ್ಟು ಬರದಿದ್ದರೆ, ಹುಡುಗನಿಗೆ 14 ತುಂಬಿದರೂ ವೃಷಣಗಳು ದೊಡ್ಡದಾಗದಿದ್ದರೆ ಪರೀಕ್ಷೆ ಅಗತ್ಯ. ಹುಡುಗಿಯಲ್ಲಿ 8ಕ್ಕೆ ಮೊದಲು, ಹುಡುಗನಲ್ಲಿ 9ಕ್ಕೆ ಮೊದಲು ಪ್ರಾಯದ ಲಕ್ಷಣಗಳು ಕಂಡರೂ ತೋರಿಸಬೇಕು. ಐದಾರು ವರ್ಷ ದಾಟಿದ ಮಗು ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಬೆಳೆಯುತ್ತಿದ್ದರೆ, ಬೆನ್ನುನೋವು ಅಥವಾ ಕೀಲುನೋವು ಎರಡು ವಾರ ಕಳೆದರೂ ಹೋಗದಿದ್ದರೆ ತಡಮಾಡಬೇಡಿ.

ಉಳಿದಂತೆ ಬೇಕಾದದ್ದು ತಾಳ್ಮೆ. ಹನ್ನೆರಡರ ಮಗುವಿನ ಆಟವನ್ನು ನೋಡಿ ಇಪ್ಪತ್ತೆರಡರ ಆಟಗಾರನ ಬಗ್ಗೆ ತೀರ್ಪು ಕೊಡಲು ಯಾರಿಗೂ ಆಗದು. ಬೆಳವಣಿಗೆ ಮುಗಿಯುವವರೆಗೆ ಮಗು ಮೈದಾನದಲ್ಲಿ ಉಳಿದಿರಲಿ. ಪದಕ ಬಂದರೂ ಬಾರದಿದ್ದರೂ ಅಲ್ಲಿ ಗಳಿಸಿದ ಆರೋಗ್ಯ ಅದರದ್ದೇ.